ಒಂದು ಫೂಟಿಗೆ ಕಾಲು ಇಂಚು

ಯಾಸ್ಮಿನಳ ಬಳಿ ನಾಲ್ಕು ಜನರಿಗೆ ತೋರಿಸುವಂಥ ಒಂದು ಮನೆ ಇರಲಿಲ್ಲ. ಇರಲಿಕ್ಕೆ ಮನೆಯಿತ್ತು, ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತಾಯಿ ಖಾಜಾಬಿಯ ಹೊಲಿಗೆ ಮಷಿನ್ನು ಅರ್ಧ ಪಡಸಾಲೆ ತಿಂದಿದ್ದ ಮನೆ. ಇಲ್ಲದ್ದು ತಾನು ಬರೆದ ನಕ್ಷೆಯಂತೆ ಎದ್ದು ನಿಂತ ಮನೆ. ಡಿಪ್ಲೊಮಾ ಮುಗಿಸಿ ಎಂಜಿನಿಯರ್ ಹೇಮಂತನ ಆಫೀಸು ಸೇರಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಹನ್ನೊಂದು ಮನೆ ಬರೆದಿದ್ದಳು. ಹನ್ನೊಂದೂ ಕಟ್ಟಿ ಮುಗಿದಿದ್ದವು, ಜನ ಒಳಗೆ ಹೋಗಿ ಸಂಸಾರ ಹೂಡಿದ್ದರು. ಒಂದೂ ಅವಳು ಬರೆದಂತಿರಲಿಲ್ಲ.

ನರಗುಂದದ ಕಾಳಿನ ವ್ಯಾಪಾರಿ ಶ್ರೀಧರನ ಮನೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತ್ತು. ಅಡುಗೆಮನೆಗೆ ಐದು ಫೂಟಿನ ಕಿಟಕಿ ಬರೆದಿದ್ದಳು, ಹಾಲು ಕಾಸುತ್ತ ನಿಂತವರಿಗೆ ಗುಡ್ಡ ಕಾಣಲಿ, ಗುಡ್ಡದ ಮೇಲಿನ ಕೋಟೆ ಕಾಣಲಿ ಅಂತ. ಗೃಹಪ್ರವೇಶದ ಊಟಕ್ಕೆ ಹೋಗಿ ನೋಡಿದರೆ ಅಲ್ಲಿ ಬರೀ ಗೋಡೆ. ಗೋಡೆಗೆ ಮೊಳೆ ಹೊಡೆದು ಜರಡಿ ತೂಗುಹಾಕಿದ್ದರು. ಎರಡು ಹೋಳಿಗೆ ತಿಂದು ಬಾಯಿ ಮುಚ್ಚಿಕೊಂಡು ಬಂದಳು.

"ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ?" ಅಂದಿದ್ದ ಹೇಮಂತ. ಅವನು ಕೂಡ್ರುವುದು ರೋಣದ ಆಫೀಸಿನಲ್ಲಿ. ಗಜೇಂದ್ರಗಡಕ್ಕೆ ಮಂಗಳವಾರ, ಶುಕ್ರವಾರ ಬಂದು ಸಹಿ ಮಾಡಿ ಹೋಗುತ್ತಿದ್ದ. "ನಕ್ಷಾ ಬೇಕಾಗೂದು ಪರವಾನಿಗಿಗೆ, ಬ್ಯಾಂಕಿನ ಫೈಲಿಗೆ. ಗೌಂಡಿ ಅದನ್ನ ಮಡಚಿ ಕಿಸೆದಾಗ ಇಟಗೊಂಡು ತನಗ ತಿಳದಂಗ ಕಟ್ಟತಾನ. ಗೌಂಡ್ಯಾರು ಯಾರ ಮಾತೂ ಕೇಳಂಗಿಲ್ಲ."

ಯಾಸ್ಮಿನ ಈ ಮಾತು ನಂಬಿದ್ದಳು. ತಪ್ಪು ಬೇರೆಯವರದು ಎನ್ನುವ ಮಾತನ್ನು ನಂಬಲಿಕ್ಕೆ ಯಾರಿಗೂ ಕಷ್ಟವಾಗುವುದಿಲ್ಲ.

ಅವಳ ಕಂಪ್ಯೂಟರು ಮೊದಲು ಜಹೀರ ಎಂಬವನ ಕೈಯಲ್ಲಿತ್ತು. ಅವನು ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕು ಹೋದ. ಹೋಗುವಾಗ ನಕ್ಷೆ ಬರೆಯುವ ಕ್ಯಾಡ್ ಸಾಫ್ಟ್‌ವೇರಿನಲ್ಲಿ ತಾನು ಮಾಡಿಟ್ಟುಕೊಂಡಿದ್ದ ಪೇಜ್ ಸೆಟಪ್ ಬಿಟ್ಟುಹೋದ. ಯಾವ ಪ್ರಿಂಟರು, ಯಾವ ಅಳತೆಯ ಕಾಗದ, ಉದ್ದಕ್ಕೋ ಅಡ್ಡಕ್ಕೋ, ಎಷ್ಟು ದೊಡ್ಡದು, ಯಾವ ಬಣ್ಣ, ಎಲ್ಲ ಅದರೊಳಗೆ ತುಂಬಿತ್ತು. ಅದಕ್ಕೆ 'ಜಹೀರ ಎ-ಫೋರ್' ಎಂದು ಹೆಸರು. ನಕ್ಷೆ ಮುಗಿದ ಮೇಲೆ ಯಾಸ್ಮಿನ ಪ್ರಿಂಟ್ ಒತ್ತುವುದು, ಆ ಹೆಸರು ಆರಿಸುವುದು, ಕಾಗದ ಹೊರಗೆ ಬರುವುದು. ಸುತ್ತ ಚೌಕಟ್ಟು, ಕೆಳಗೆ ಹೇಮಂತನ ಹೆಸರು, ಲೈಸೆನ್ಸ್ ನಂಬರು, ಅದರ ಪಕ್ಕ ಅಳತೆಯ ಪ್ರಮಾಣ: ಒಂದು ಫೂಟಿಗೆ ಕಾಲು ಇಂಚು. ಮನೆಯ ಒಂದು ಫೂಟು ಕಾಗದದ ಮೇಲೆ ಕಾಲು ಇಂಚು ಅಂತ ಅರ್ಥ. ಹನ್ನೊಂದು ನಕ್ಷೆಗೂ ಇದನ್ನೇ ಬರೆದಿದ್ದಳು. ಒಂದು ಸಲವೂ ಕಾಗದದ ಮೇಲೆ ಪಟ್ಟಿ ಇಟ್ಟು ನೋಡಿರಲಿಲ್ಲ.

ಹನ್ನೆರಡನೆಯ ಮನೆ ರಾಜೂರಿನ ಸಿದ್ದಲಿಂಗವ್ವನದು. ರಾಜೂರ ಸಾಲಿಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಮಾಡಿ ಬಿಟ್ಟ ಹೆಂಗಸು. ಬೇರೆಯವರು ಒಂದು ಸಲ ಬಂದು "ಚಂದ ಮಾಡಿ ಕೊಡವಾ" ಎಂದು ಹೋಗುತ್ತಿದ್ದರು. ಈಕೆ ನಾಲ್ಕು ಸಲ ಬಂದು ಕಂಪ್ಯೂಟರಿನ ಪರದೆಗೆ ಮೂಗು ಹಚ್ಚಿ ಕೂತಳು.

"ಅಡಿಗಿಮನಿ ಹತ್ತ ಬೈ ಹತ್ತ. ಹತ್ತು ಅಂದ್ರ ಹತ್ತ. ಒಂದ ಬಟ್ಟೂ ಕಡಿಮಿ ಆಗಬಾರದು."

"ಯಾಕ್ರಿ ಅವ್ವಾರ, ಅಷ್ಟ ಗಟ್ಟಿ?"

"ಎರಡ ಕಾರಣ ಅದಾವ. ಒಂದು ಕಲ್ಲು, ಇನ್ನೊಂದು ಗಂಗಾಬಾಯಿ."

ಕಲ್ಲು ಅಂದರೆ ಇಳಕಲ್ಲಿನ ಕೆಂಪು ಗ್ರಾನೈಟು, ಅಡುಗೆ ಕಟ್ಟೆಗೆ ಹಾಸುವುದು. ಒಂಬತ್ತು ಫೂಟು ಒಂಬತ್ತು ಇಂಚು, ಒಂದೇ ತುಂಡು. ಎರಡು ತುಂಡಾದರೆ ಸಂದಿಯಲ್ಲಿ ಇರುವೆ ಸೇರುತ್ತವೆಂದು ಸಿದ್ದಲಿಂಗವ್ವ ಹಟ ಹಿಡಿದು, ಮನೆಗೆ ಪಾಯ ತೋಡುವ ಮೊದಲೇ ಕಲ್ಲು ಕೊಯ್ಸಿ ಟ್ರ್ಯಾಕ್ಟರಿನಲ್ಲಿ ತಂದು ಬೇವಿನ ಮರಕ್ಕೆ ಆನಿಸಿದ್ದಳು. ಗಂಗಾಬಾಯಿ ಅಂದರೆ ಅದೇ ಸಾಲಿಯಲ್ಲಿ ಜೊತೆಗೆ ಅಡುಗೆ ಮಾಡಿದವಳು. ಈಗ ಇಬ್ಬರೂ ಸೇರಿ ಖಡಕ್ ರೊಟ್ಟಿ ಮಾಡಿ ಮಾರುವವರಿದ್ದರು. ನೆಲದ ಮೇಲೆ ಎರಡು ಒಲೆ.

"ಆಕಿ ಆ ಕಡೆ ಮಾರಿ ಮಾಡ್ತಾಳ, ನಾ ಈ ಕಡೆ. ಬೆನ್ನಿಗಿ ಬೆನ್ನ ಕೊಟ್ಟ ಕುಂದ್ರೂದು. ರೊಟ್ಟಿ ಬಡಿಯೂವಾಗ ಹಿಂದಕ್ಕ ಸರದ್ರ ತಾಗಬಾರದು. ಆಕಿನೂ ಸಣ್ಣಾಕಿ ಅಲ್ಲ, ನಾನೂ ಅಲ್ಲ," ಅಂದಳು ಸಿದ್ದಲಿಂಗವ್ವ. "ತಾಗಿದ್ರ ಹದಿನೆಂಟ ವರ್ಷದ ಗೆಳೆತನ ಹದಿನೆಂಟ ದಿನಾನೂ ಉಳಿಯಂಗಿಲ್ಲ, ತಿಳಕೋ."

ನಾಲ್ಕನೆಯ ಸಲ ಬಂದಾಗ ಗೌಂಡಿಯನ್ನೂ ಎಳೆದುಕೊಂಡು ಬಂದಿದ್ದಳು. ಫಕ್ರುಸಾಬ, ಅರವತ್ತು ದಾಟಿದವನು, ಕಿವಿಯ ಮೇಲೆ ಪೆನ್ಸಿಲ್ಲು, ಕಿಸೆಯಲ್ಲಿ ಮಡಚುವ ಹಿತ್ತಾಳೆ ಫೂಟುಪಟ್ಟಿ. ಬಾಗಿಲಲ್ಲೇ ನಿಂತು ಆಫೀಸಿನ ಗೋಡೆ ಮೂಲೆಯನ್ನು ಒಂದು ಕಣ್ಣು ಮುಚ್ಚಿ ನೋಡಿದ, ನೆಟ್ಟಗಿಲ್ಲ ಅಂತ ತಲೆ ಅಲ್ಲಾಡಿಸಿದ, ಆಮೇಲೆ ಒಳಗೆ ಬಂದ.

"ನೀ ಖಾಜಾಬಿ ಮಗಳಲಾ? ಕುಂದರ ಕುಂದರ. ಈ ಅವ್ವ ಅಂತಾಳ, ಕಾಗದದಾಗ ಇದ್ದಂಗ ಕಟ್ಟಬೇಕಂತ. ಕಟ್ಟೂಣು. ಆದರ ಒಂದ ಮಾತ, ಬೇಟಿ. ನಾ ಅಂಕಿ ನೋಡಂಗಿಲ್ಲ. ಗೆರಿ ನೋಡತೇನಿ."

"ಅಂದ್ರ, ಚಾಚಾ?"

"ಪಟ್ಟಿ ಇಟ್ಟ ಗೆರಿ ಅಳೀತೇನಿ. ಕಾಲ ಇಂಚಿಗೊಂದ ಫೂಟ ಹಿಡದ ಭೂಮಿ ಮ್ಯಾಲ ಹಾಕತೇನಿ. ಸವಡ್ಯಾಗ ಒಂದ ಮನಿ ಕಟ್ಟೂ ಮುಂದ ಅಂಕಿ ಹನ್ನೆರಡು ಅಂತಿತ್ತು, ಗೆರಿ ಹತ್ತಿತ್ತು. ಬರದಾವ ಹಳೇ ನಕ್ಷಾದಾಗಿಂದು ಅಂಕಿ ಎತ್ತಿ ಇಟ್ಟಿದ್ದ. ನಾ ಅಂಕಿ ನಂಬಿ ಗ್ವಾಡಿ ಎಬ್ಬಿಸಿದೆ, ಬಾಜೂದಾವನ ಜಾಗಾದಾಗ ಎರಡ ಫೂಟ ಹೋತು. ಎದಿಮಟ್ಟ ಎದ್ದಿದ್ದ ಗ್ವಾಡಿ ನಾನ ಕೈಯಾರೆ ಕೆಡವಿದೆ. ಅವತ್ತಿಂದ ಅಂಕಿಗೆ ದೂರಿಂದನ ಸಲಾಮ ಹೊಡದೇನಿ."

ಯಾಸ್ಮಿನಳಿಗೆ ಒಳಗೊಳಗೆ ಖುಷಿ. ಎರಡು ವರ್ಷದಲ್ಲಿ ಮೊದಲ ಗೌಂಡಿ, ತನ್ನ ಕಾಗದ ಬಿಚ್ಚಿ ನೋಡಿ ಕಟ್ಟುತ್ತೇನೆ ಅನ್ನುವವನು. "ಕಾಲ ಇಂಚಿಗೇ ಐತಿ ಚಾಚಾ. ಕೆಳಗ ಬರದೈತಿ ನೋಡ್ರಿ."

"ಬರದರ ಆಗಂಗಿಲ್ಲ, ಇರಬೇಕು," ಅಂದ ಫಕ್ರುಸಾಬ.

"ಐತಿ," ಅಂದಳು ಯಾಸ್ಮಿನ, ಪ್ರಿಂಟ್ ಒತ್ತಿ, 'ಜಹೀರ ಎ-ಫೋರ್' ಆರಿಸಿ.

ಮುಂದಿನ ಬುಧವಾರ ಮುಂಜಾನೆ ಅವಳು ಬಸ್ಸು ಹತ್ತಿ ರಾಜೂರಿಗೆ ಹೋದಳು. ಯಾರೂ ಕರೆದಿರಲಿಲ್ಲ. ತನ್ನ ಗೆರೆಗಳು ನೆಲದ ಮೇಲೆ ಬಿದ್ದದ್ದನ್ನು ನೋಡಬೇಕಿತ್ತು.

ಬಿದ್ದಿದ್ದವು. ಕೆಂಪು ಮಣ್ಣಿನ ಮೇಲೆ ಸುಣ್ಣದ ಪುಡಿಯ ಬಿಳಿ ಗೆರೆ. ಪಡಸಾಲೆ, ಎರಡು ಕೋಣೆ, ಬಚ್ಚಲು, ಅಡುಗೆಮನೆ, ಎಲ್ಲ ಪರದೆಯ ಮೇಲೆ ಇದ್ದಂತೆಯೇ, ಮನುಷ್ಯರು ಒಳಗೆ ಓಡಾಡುವಷ್ಟು ದೊಡ್ಡದಾಗಿ. ದಕ್ಷಿಣದ ಗೋಡೆಯ ಗೆರೆಯ ಮೇಲೆ ಇಬ್ಬರು ಆಳುಗಳು ಪಾಯದ ತಗ್ಗು ತೋಡುತ್ತಿದ್ದರು. ಯಾಸ್ಮಿನ ಚಪ್ಪಲಿ ಬಿಟ್ಟು, ಗೆರೆ ದಾಟದೆ, ಬಾಗಿಲು ಇರಬೇಕಾದ ಕಡೆಯಿಂದಲೇ ಒಳಗೆ ಹೋದಳು.

ಅಡುಗೆಮನೆಯ ಗೆರೆಯೊಳಗೆ ಸಿದ್ದಲಿಂಗವ್ವ ಮತ್ತು ಗಂಗಾಬಾಯಿ ಬೆನ್ನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟಂಗಿ, ಅದು ಒಲೆ. ಅದರಾಚೆ ಕಟ್ಟೆಯ ಜಾಗಕ್ಕೆ ಒಂದು ಗೆರೆ. ಇಬ್ಬರೂ ಬರಿಗೈಯಲ್ಲಿ ಇಲ್ಲದ ರೊಟ್ಟಿ ಬಡಿಯುತ್ತಿದ್ದರು.

"ತಾಗೀತ ನೋಡ," ಅಂದಳು ಗಂಗಾಬಾಯಿ.

"ನೀ ಹಿಂದಕ್ಕ ಸರದಿ."

"ನಾ ಎಲ್ಲಿ ಸರದೆ? ಮುಂದ ಸರಿಯಾಕ ಒಲಿ ಐತಿ, ಸುಟಗೊಳ್ಳಲೇನು?"

ಆಳುಗಳು ಸಲಿಕೆ ಬಿಟ್ಟು ನಗಹತ್ತಿದರು. ಸಿದ್ದಲಿಂಗವ್ವ ಎದ್ದು ಸೀರೆ ಝಾಡಿಸಿಕೊಂಡಳು. "ಫಕ್ರುಸಾಬಣ್ಣಾ, ಇದು ಹತ್ತ ಇಲ್ಲ. ಕೈ ಚಾಚಿ ಎರಡ ಮಾರು ಹಾಕಿ ನೋಡೇನಿ, ಕಡಿಮಿ ಆಗೇತಿ."

"ಹತ್ತ ಹ್ಯಾಂಗ ಇರತೈತಿ? ಕಾಗದದಾಗ ಒಂಬತ್ತೂವರಿ ಐತಿ," ಅಂದ ಫಕ್ರುಸಾಬ.

"ಇಲ್ರಿ ಚಾಚಾ, ಹತ್ತು ಬರದೇನಿ!" ಯಾಸ್ಮಿನಳ ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಫಕ್ರುಸಾಬ ಕಿಸೆಯಿಂದ ಕಾಗದ ತೆಗೆದು ಬೇವಿನ ಮರದ ಕೆಳಗೆ ಆ ಕೆಂಪು ಕಲ್ಲಿನ ಪಕ್ಕದ ಹಲಗೆಯ ಮೇಲೆ ಹಾಸಿದ, ಹಿತ್ತಾಳೆ ಪಟ್ಟಿ ಬಿಚ್ಚಿ ಅಡುಗೆಮನೆಯ ಗೆರೆಯ ಮೇಲೆ ಇಟ್ಟ. ಹತ್ತು ಫೂಟಿಗೆ ಎರಡೂವರೆ ಇಂಚು ಬರಬೇಕು. ಬಂದದ್ದು ಎರಡು ಇಂಚಿನ ಮೇಲೆ ಮೂರು ನೂಲು. ಇಂಚಿಗೆ ಎಂಟು ನೂಲು. ಒಂದು ನೂಲು ಕಡಿಮೆ. ಒಂದು ನೂಲು ಅಂದರೆ ಭೂಮಿಯ ಮೇಲೆ ಅರ್ಧ ಫೂಟು.

ಗೆರೆಯ ಮೇಲ್ಗಡೆ ಅಂಕಿ ಸ್ಪಷ್ಟವಾಗಿ ಹತ್ತು ಎಂದಿತ್ತು. ಗೆರೆ ಒಂಬತ್ತೂವರೆ ಅನ್ನುತ್ತಿತ್ತು. ಸವಡಿಯ ಕಥೆಯೇ.

"ಪೂರಾ ಮನಿ ಹಂಗ ಐತಿ," ಅಂದ ಫಕ್ರುಸಾಬ. "ಮೂವತ್ತನಾಕ ಫೂಟ ಉದ್ದ ಇರಬೇಕಾದ್ದು ಮೂವತ್ತೆರಡ ಚಿಲ್ಲರ ಬಂದೈತಿ. ದಕ್ಷಿಣಕ್ಕ ಜಾಗಾ ಹೆಚ್ಚ ಉಳೀತಲಾ ಅಂತ ನಾನೂ ಅಂದ್ಕೊಂಡೆ. ನೀ ಹಿಂದ ಹಿತ್ತಲಕ್ಕ ಬಿಟ್ಟಿರಬೇಕು ಅಂದೆ." ಆಳುಗಳ ಕಡೆ ತಿರುಗಿ ಕೈಯೆತ್ತಿದ. "ನಿಂದರ್ರೋ. ತ್ವಾಡಬ್ಯಾಡ್ರಿ."

ದಕ್ಷಿಣದ ತಗ್ಗು ಆಗಲೇ ಹದಿನೆಂಟು ಫೂಟು ಉದ್ದ ಆಗಿತ್ತು, ಇರಬೇಕಾದ ಜಾಗ ಬಿಟ್ಟು ಒಂದು ಫೂಟು ಎಂಟು ಇಂಚು ಈಚೆಗೆ. ಯಾಸ್ಮಿನಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ, ಕಲ್ಲು ನೋಡಿದಳು. ಒಂಬತ್ತು ಫೂಟು ಒಂಬತ್ತು ಇಂಚಿನ ಕಲ್ಲು. ಹೀಗೇ ಕಟ್ಟಿದ್ದರೆ ಅದು ಅಡುಗೆಮನೆಯೊಳಗೆ ಹೋಗುತ್ತಲೇ ಇರಲಿಲ್ಲ.

ಫಕ್ರುಸಾಬ ಕಾಗದ ಮಡಚಿ ಅವಳ ಕೈಗೆ ಕೊಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಟಗೋ, ಬೇಟಿ. ನಾ ನನ್ನ ರೀತಿಲೆ ಕಟ್ಟತೇನಿ. ಅವ್ವಗ ಹತ್ತ ಬೇಕು, ಹತ್ತ ಹಾಕಿ ಕೊಡತೇನಿ. ಉಳದದ್ದು ಹೆಂಗರ ಕುಂದರಸೂಣು."

"ಹೆಂಗರ ಯಾಕ?" ಅಂದಳು ಸಿದ್ದಲಿಂಗವ್ವ. "ನಾಕ ಸಲ ಬಸ್ ಹತ್ತಿ ಹೋಗಿ ಬರಸೇನಿ. ಬಚ್ಚಲದ ಬಾಗಲಾ ಯಾ ಕಡೆ ತೆರೀಬೇಕು ಅನ್ನೂದಕ್ಕ ಒಂದ ತಾಸ ಆಗೇತಿ. ಇನ್ನೊಂದ ಕಾಗದ ತರಲಿ ಆ ಹುಡಿಗಿ."

"ನಾಳೆ ಎಂಟಕ್ಕ ಆಳ ಬರತಾರವಾ."

"ಎಂಟಕ್ಕ ತರತಾಳ. ತರತಿ ಹೌದಿಲ್ಲೋ ಯವ್ವಾ?"

"ತರತೇನ್ರಿ," ಅಂದಳು ಯಾಸ್ಮಿನ. ಹೇಗೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಚಪ್ಪಲಿ ಹಾಕಿಕೊಳ್ಳುವಾಗ ಫಕ್ರುಸಾಬ ಹಿಂದಿನಿಂದ ಕೂಗಿದ. "ತರೂದಾದ್ರ ಕಿಡಕಿನೂ ಹಾಕ್ಕೊಂಡ ಬಾ. ನಿಮ್ಮ ಆಫೀಸಿನ ಕಾಗದದಾಗ ಎಂದೂ ಕಿಡಕಿ ಇರಂಗಿಲ್ಲಲಾ. ಎಲ್ಲಾ ಗೌಂಡ್ಯಾರೂ ನಗತಾರ. ನಾವ ನಮಗ ತಿಳದಲ್ಲೆ ಬಿಟಗೋತೇವಿ."

ಚುಚ್ಚುಮಾತು ಅಂದುಕೊಂಡು ಬಸ್ಸು ಹತ್ತಿದಳು.

ಆಫೀಸಿಗೆ ಬರುವಾಗ ಹನ್ನೊಂದೂವರೆ. ಮೊದಲು ಹೇಮಂತನಿಗೆ ಫೋನು ಹಚ್ಚಿದಳು.

"ಅಷ್ಟ ಅಲಾ? ಕೆಳಗ ಒಂದ ಸಾಲ ಹಾಕು, ನಕ್ಷಾ ಅಳೀಬಾರದು, ಅಂಕಿ ನೋಡ್ಕೊಂಡ ಕಟ್ಟಬೇಕು ಅಂತ. ಎಲ್ಲಾ ಎಂಜಿನಿಯರೂ ಹಾಕತಾರ. ಮುಗದ ಹೋತು."

"ಅವ್ರು ಅಂಕಿ ನೋಡಂಗಿಲ್ರಿ ಸರ."

"ನೋಡಂಗಿಲ್ಲಂದ್ರ ಅದು ಅವನ ಹಣೇಬಾರ."

"ಅವನ ಹಣೇಬಾರಕ್ಕ ಸಿದ್ದಲಿಂಗವ್ವನ ಕಲ್ಲು ಹೊರಗ ಉಳೀತೈತ್ರಿ."

"ಏನ ಕಲ್ಲ?" ಅಂದ ಹೇಮಂತ. ಅವಳು ಫೋನು ಇಟ್ಟಳು.

ಪಟ್ಟಿ ತೆಗೆದುಕೊಂಡು ಕಾಗದ ಅಳೆಯಹತ್ತಿದಳು. ಎರಡು ವರ್ಷದಲ್ಲಿ ಮೊದಲ ಸಲ. ಸುತ್ತಲಿನ ಚೌಕಟ್ಟನ್ನು ಜಹೀರ ಕಾಗದದ ಪೂರಾ ಅಗಲಕ್ಕೆ ಬರೆದಿಟ್ಟಿದ್ದ, ಇನ್ನೂರಹತ್ತು ಮಿಲಿಮೀಟರ್. ಕಾಗದದ ಮೇಲೆ ಅದು ಇನ್ನೂರು ಇತ್ತು. ಎರಡೂ ಅಂಚಿಗೆ ಐದೈದು ಮಿಲಿಮೀಟರ್ ಬಿಳಿ. ಪ್ರಿಂಟರು ಕಾಗದದ ಕಟ್ಟಕಡೆಯ ತನಕ ಮಸಿ ಹಾಕುವುದಿಲ್ಲ, ಹಿಡಿದುಕೊಳ್ಳಲಿಕ್ಕೆ ಅಂಚು ಬಿಡುತ್ತದೆ. ಪೇಜ್ ಸೆಟಪ್ ತೆರೆದಳು. 'ಫಿಟ್ ಟು ಪೇಪರ್' ಎಂಬುದರ ಮುಂದೆ ಟಿಕ್ ಇತ್ತು. ನಕ್ಷೆ ಹಿಡಿಸದಿದ್ದರೆ ಹಿಡಿಸುವಷ್ಟು ಕುಗ್ಗಿಸು ಅಂತ ಜಹೀರ ಹೇಳಿ ಹೋಗಿದ್ದ. ಅದು ಎರಡು ವರ್ಷ ಚಾಚೂ ತಪ್ಪದೆ ಕುಗ್ಗಿಸಿತ್ತು. ಹತ್ತಕ್ಕೆ ಒಂಬತ್ತೂವರೆ, ಪ್ರತಿ ಮನೆಗೂ, ಪ್ರತಿ ಗೋಡೆಗೂ. ಕೆಳಗೆ 'ಒಂದು ಫೂಟಿಗೆ ಕಾಲು ಇಂಚು' ಎಂದು ಬರೆದ ಅಕ್ಷರಗಳೂ ಸೇರಿ ಕುಗ್ಗಿದ್ದವು.

ಟಿಕ್ ತೆಗೆದಳು. ಪ್ರಮಾಣದ ಜಾಗದಲ್ಲಿ ಕಾಲು ಇಂಚು ಸಮ ಒಂದು ಫೂಟು ಅಂತ ಆರಿಸಿ ಪ್ರಿಂಟ್ ಒತ್ತಿದಳು. ಅಡುಗೆಮನೆ ಎರಡೂವರೆ ಇಂಚು ಬಂತು, ಆದರೆ ಚೌಕಟ್ಟಿನ ಬಲಗಡೆ ಕತ್ತರಿಸಿಹೋಗಿ ಹೇಮಂತನ ಲೈಸೆನ್ಸ್ ನಂಬರು ಅರ್ಧ ಮಾಯವಾಗಿತ್ತು. ಚೌಕಟ್ಟನ್ನೇ ಅಳಿಸಿ, ಅಂಚು ಬಿಟ್ಟು ಚಿಕ್ಕದಾಗಿ ಹೊಸದು ಬರೆದಳು. ಮನೆ ಮುಟ್ಟಲಿಲ್ಲ. ಮತ್ತೊಂದು ಪ್ರಿಂಟ್. ಮನೆ ಎಡಕ್ಕೆ ಸರಿದು ಕೂತಿತ್ತು. ನಡುವೆ ತಂದಳು. ಮತ್ತೊಂದು. ಸರಿ ಬಂತು ಅನ್ನಿಸಿ, ನಾಳೆಗೆ ಇರಲೆಂದು ಪಿಡಿಎಫ್ ಮಾಡಿ ಅದರಿಂದ ಎರಡು ಪ್ರತಿ ತೆಗೆದು ಪಟ್ಟಿ ಇಟ್ಟರೆ ಮತ್ತೆ ಕಡಿಮೆ! ಕಣ್ಣು ಉಜ್ಜಿಕೊಂಡು ನೋಡಿದಳು. ಪಿಡಿಎಫ್ ತೆರೆಯುವ ಸಾಫ್ಟ್‌ವೇರಿಗೂ ತನ್ನದೇ ಒಂದು ಪ್ರಿಂಟ್ ಕಿಟಕಿ, ಅದರಲ್ಲೂ ಒಂದು 'ಫಿಟ್', ಅದರ ಮುಂದೂ ಟಿಕ್. ಯಾರೂ ಹಾಕದೆ ತಾನೇ ಬಿದ್ದಿರುವ ಟಿಕ್. "ನಿನ್ನ ಮನಿ ಹಾಳಾಗ," ಎಂದು ಅದನ್ನು 'ಇದ್ದ ಅಳತೆ'ಗೆ ಬದಲಿಸಿದಳು.

ನಾಲ್ಕು ಗಂಟೆಗೆ ಖಾಜಾಬಿ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮಧ್ಯಾಹ್ನದ ಊಟಕ್ಕೆ ಮಗಳು ಬಂದಿರಲಿಲ್ಲ. ಟೇಬಲ್ಲಿನ ಮೇಲೆ ಬಿದ್ದ ಕಾಗದಗಳನ್ನು ನೋಡಿ ಒಂದನ್ನು ಎತ್ತಿಕೊಂಡಳು. ಹೊಲಿಗೆಯವಳ ಕಣ್ಣು, ಕಾಗದ ಬೆಳಕಿಗೆ ಹಿಡಿದಳು.

"ಇದೇನಿದು, ಗ್ವಾಡಿ ನಡುವ ಸಣ್ಣಗ ದಾರದಂಥದ್ದು?"

"ಎಲ್ಲಿ ಅಮ್ಮಾ?"

"ಇಲ್ಲಿ ನೋಡ. ಮಾಸಿದ ಕಚ್ಚಾ ಹೊಲಿಗಿ ಇದ್ದಂಗ ಐತಿ. ಬೆಳಕಿಗಿ ಹಿಡದ್ರ ಅಷ್ಟ ಕಾಣತೈತಿ."

ಯಾಸ್ಮಿನ ಕಾಗದ ಇಸಿದುಕೊಂಡು ನೋಡಿದಳು, ಆಮೇಲೆ ಪರದೆ ನೋಡಿದಳು. ಪರದೆಯ ಕಪ್ಪು ನೆಲದ ಮೇಲೆ ಗೋಡೆಗಳು ಬಿಳಿ, ಕಿಟಕಿಗಳು ಹಳದಿ. ಎಲ್ಲಕ್ಕಿಂತ ಹೊಳೆಯುವುದು ಆ ಹಳದಿಯೇ. ಅದಕ್ಕೇ ಜಹೀರ ಕಿಟಕಿಗೆ ಆ ಬಣ್ಣ ಇಟ್ಟಿದ್ದ, ಅದಕ್ಕೇ ಅವಳೂ ಇಟ್ಟುಕೊಂಡಿದ್ದಳು. ಕಪ್ಪು ಮಸಿಯೊಂದೇ ಇರುವ ಪ್ರಿಂಟರು ಹಳದಿಯನ್ನು ತಿಳಿ ಬೂದಿ ಮಾಡಿ, ಇದ್ದೂ ಇಲ್ಲದಂತೆ ಕಾಗದಕ್ಕೆ ಬಿಟ್ಟಿತ್ತು. ಅವಳ ಕಣ್ಣಿಗೆ ಎಂದೂ ಕಮ್ಮಿ ಕಾಣಲಿಲ್ಲ, ಯಾಕೆಂದರೆ ಅಲ್ಲಿ ಕಿಟಕಿ ಇದೆ ಎಂದು ಅವಳಿಗೆ ಗೊತ್ತಿತ್ತು.

ಕಪಾಟಿನಿಂದ ಶ್ರೀಧರನ ಮನೆಯ ಕಾಗದ ತೆಗೆದಳು. ಅಡುಗೆಮನೆಯ ಗೋಡೆ, ಆ ತುದಿಯಿಂದ ಈ ತುದಿಗೆ ಅಖಂಡ ಕಪ್ಪು ಗೆರೆ. ಬೆಳಕಿಗೆ ಹಿಡಿದರೆ ನಡುವೆ ಐದು ಫೂಟು ಮಾಸಿದ ದಾರ. ಆ ಗೌಂಡಿ ಅವಳ ಮಾತು ಮೀರಿರಲಿಲ್ಲ. ಅವಳು ಗೋಡೆ ಕೊಟ್ಟಿದ್ದಳು, ಅವನು ಗೋಡೆ ಕಟ್ಟಿದ್ದ.

"ಊಟಾ ಮಾಡ," ಅಂದಳು ಖಾಜಾಬಿ.

"ಹೂಂ," ಅಂದಳು ಯಾಸ್ಮಿನ. ರೊಟ್ಟಿ ಮುರಿಯುತ್ತ ಶ್ರೀಧರನ ಮನೆಯ ಕಾಗದವನ್ನೇ ನೋಡಿದಳು. ಎರಡು ವರ್ಷ ಹನ್ನೊಂದು ಗೌಂಡಿಗಳನ್ನು ಮನಸ್ಸಿನಲ್ಲಿ ಬೈದಿದ್ದಳು. ಅವರಲ್ಲಿ ಯಾರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಪೇಜ್ ಸೆಟಪ್‌ನಲ್ಲಿ ಬಣ್ಣ ಏನಾಗಬೇಕೆಂದು ಹೇಳುವ ಒಂದು ಪಟ್ಟಿ ಇತ್ತು. 'ಮೊನೊಕ್ರೋಮ್' ಆರಿಸಿದಳು, ಯಾವ ಬಣ್ಣವಿರಲಿ, ಕಾಗದದ ಮೇಲೆ ಕಪ್ಪು. ಗೋಡೆಯ ಗೆರೆ ದಪ್ಪ, ಕಿಟಕಿಯದು ಅದಕ್ಕಿಂತ ತುಸು ತೆಳು ಎಂದು ಇಟ್ಟಳು. ಕೊನೆಗೆ ಕಾಗದದ ಕೆಳಗೆ, ಲೈಸೆನ್ಸ್ ನಂಬರಿನ ಪಕ್ಕ, ಒಂದು ಅಡ್ಡಗೆರೆ ಎಳೆದು ಅದರ ಕೆಳಗೆ ಬರೆದಳು: 'ಈ ಗೆರೆ ಸರಿಯಾಗಿ ನಾಲ್ಕು ಇಂಚು ಇರಬೇಕು. ಇರದಿದ್ದರೆ ಈ ಕಾಗದ ನೋಡಿ ಕಟ್ಟಬೇಡಿರಿ.' ಹೊಸ ಸೆಟಪ್‌ಗೆ 'ಫಕ್ರುಸಾಬ' ಎಂದು ಹೆಸರಿಟ್ಟಳು. 'ಜಹೀರ ಎ-ಫೋರ್' ಅನ್ನು ಅಳಿಸಿದಳು. ಹದಿಮೂರನೆಯ ಹಾಳೆ ಸರಿ ಬಂತು. ಹದಿನಾಲ್ಕನೆಯದೂ ಸರಿ ಬಂದ ಮೇಲೆ ದೀಪ ಹಚ್ಚುವ ಮುಂಚೆ ಬಾಗಿಲು ಹಾಕಿ ಮನೆಗೆ ಹೋದಳು.

ಮರುದಿನ ಎಂಟಕ್ಕೆ ಹತ್ತು ನಿಮಿಷ ಇರುವಾಗ ರಾಜೂರಿನಲ್ಲಿದ್ದಳು. ಫಕ್ರುಸಾಬ ಹಲಗೆಯ ಮೇಲೆ ಕಾಗದ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು, ಪಟ್ಟಿ ಬಿಚ್ಚಿದ. ಅಡುಗೆಮನೆ ಅಳೆದ. ಪಡಸಾಲೆ ಅಳೆದ. ಬಚ್ಚಲು ಅಳೆದ. ಎಲ್ಲ ಕೂಡಿಸಿ ಹೊರಗೋಡೆ ಅಳೆದ. ಸಿದ್ದಲಿಂಗವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಯಾಸ್ಮಿನಳಿಗೆ ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ಇಷ್ಟು ಎದೆ ಹೊಡೆದುಕೊಂಡಿರಲಿಲ್ಲ.

"ಈ ಕೆಳಗಿನ ಗೆರಿ ಏನಿದು? ಗ್ವಾಡಿ ಅಲ್ಲ, ಏನಲ್ಲ."

"ಓದ್ರಿ ಚಾಚಾ."

ಅವನು ಕಾಗದ ದೂರ ಹಿಡಿದು ಬಾಯಲ್ಲೇ ಓದಿಕೊಂಡ. ಪಟ್ಟಿ ಇಟ್ಟ. ನಾಲ್ಕು ಇಂಚು. ನೂಲೂ ಹೆಚ್ಚಿಲ್ಲ, ನೂಲೂ ಕಡಿಮೆಯಿಲ್ಲ.

"ಇದನ್ನ ಮದಲ ಯಾಕ ಹಾಕಿರಲಿಲ್ಲ?"

"ಮದಲ ನಾ ಅಳದ ನೋಡಿರಲಿಲ್ರಿ."

ಫಕ್ರುಸಾಬ ಅವಳ ಮುಖ ನೋಡಿದ. ಎಂಜಿನಿಯರ್ ಆಫೀಸಿನವರ ಬಾಯಿಂದ ಇಂಥ ಮಾತು ಅವನು ಕೇಳಿರಲಿಲ್ಲ ಅಂತ ಕಾಣುತ್ತದೆ. "ಕಿಡಕಿ ಬಂದಾವಲಾ," ಅಂದ, ಬೆರಳಿನಿಂದ ಎಣಿಸುತ್ತ. "ಒಂದು, ಎರಡು... ಏಳು. ಯವ್ವಾ ಸಿದ್ದಲಿಂಗವ್ವಾ, ನಿನ್ನ ಮನಿಗೆ ಏಳ ಕಿಡಕಿ ಅಂತ ನಂಗ ಹೇಳೇ ಇರಲಿಲ್ಲಲಾ."

"ನಾ ಬರಸಿದ್ದೆ. ನಿಂಗ ಕಣ್ಣ ಕಾಣಂಗಿಲ್ಲ ಅಂದ್ಕೊಂಡಿದ್ದೆ," ಅಂದಳು ಸಿದ್ದಲಿಂಗವ್ವ. ಕಾಗದ ಕೈಗೆತ್ತಿಕೊಂಡಳು. "ಇದನ್ನ ಟ್ರಂಕಿನ್ಯಾಗ ಇಡತೇನಿ. ನಿಂಗ ಝರಾಕ್ಸ ತಗಸಿ ಕೊಡತೇನಿ. ಸುಣ್ಣ ಮೆತ್ತಿ ಹೊಲಸ ಮಾಡ್ತಿ ನೀ."

ಹೇಳಿದಂತೆ ಸಾಲಿಯ ಎದುರಿನ ಅಂಗಡಿಗೆ ಹೋಗಿ ಝೆರಾಕ್ಸ್ ಮಾಡಿಸಿ ತಂದಳು. ಫಕ್ರುಸಾಬ ಬೇರೆ ಏನೂ ನೋಡಲಿಲ್ಲ. ನೆಟ್ಟಗೆ ಕೆಳಗಿನ ಗೆರೆಗೆ ಪಟ್ಟಿ ಇಟ್ಟ. ಮೂರು ಇಂಚಿನ ಮೇಲೆ ಏಳು ನೂಲು. ಆ ಮಷಿನ್ನೂ ತನಗೆ ತಿಳಿದಷ್ಟು ಕುಗ್ಗಿಸಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ಒಬ್ಬ ಆಳಿಗೆ ಎಲೆ ಅಡಿಕೆ ಕಟ್ಟಿಕೊಟ್ಟ.

"ಟ್ರಂಕಿನ್ಯಾಗಿಂದ ತಾ ಅವ್ವಾ ಅದನ್ನ. ಇಲ್ಲಾಂದ್ರ ನೀನೂ ಗಂಗಾಬಾಯಿನೂ ಕ್ವಾರ್ಟಿಗೆ ಹೋಗ್ತೀರಿ."

ಯಾಸ್ಮಿನ ಚೀಲದಿಂದ ಎರಡನೆಯ ಪ್ರತಿ ತೆಗೆದುಕೊಟ್ಟಳು. ಅದನ್ನೂ ಅಳೆದೇ ಇಸಿದುಕೊಂಡ. ಆಳುಗಳು ದಕ್ಷಿಣದ ತಗ್ಗಿಗೆ ಮಣ್ಣು ತುಂಬತೊಡಗಿದರು.

ಮನೆ ಏಳು ತಿಂಗಳಿಗೆ ಎದ್ದಿತು. ಕಾಗದದಲ್ಲಿದ್ದಂತೆಯೇ ಎದ್ದಿತು, ಬಚ್ಚಲದ ಬಾಗಿಲು ಕೂಡ ಹೊರಗೇ ತೆರೆಯುತ್ತಿತ್ತು. ಗೋಡೆಗೆ ಗಿಲಾವು ಆದ ಮೇಲೆ ಆರು ಜನ ಸೇರಿ ಕೆಂಪು ಕಲ್ಲನ್ನು ಹೊತ್ತು ಅಡುಗೆಮನೆಗೆ ಇಳಿಸಿದರು. ಎರಡೂ ತುದಿಗೆ ಕಿರುಬೆರಳು ಹೋಗುವಷ್ಟು ಸಂದಿ ಉಳಿಯಿತು, ಫಕ್ರುಸಾಬ ಅದಕ್ಕೆ ಸಿಮೆಂಟು ಒತ್ತಿದ. ಯಾಸ್ಮಿನ ಹೋದ ದಿನ ಸಿದ್ದಲಿಂಗವ್ವ, ಗಂಗಾಬಾಯಿ ಬೆನ್ನಿಗೆ ಬೆನ್ನು ಕೊಟ್ಟು ರೊಟ್ಟಿ ಬಡಿಯುತ್ತಿದ್ದರು, ಈ ಸಲ ಖರೇ ರೊಟ್ಟಿ. ಮೂಡಣದ ಕಿಟಕಿಯಿಂದ ಒಲೆಯ ಹೊಗೆ ತ್ರಾಸಿಲ್ಲದೆ ಹೊರಗೆ ಹೋಗುತ್ತಿತ್ತು.

"ತಾಗತೈತೇನ್ರಿ?" ಅಂತ ಕೇಳಿದಳು.

"ತಾಗಂಗಿಲ್ಲ," ಅಂದಳು ಗಂಗಾಬಾಯಿ ತಿರುಗಿ ನೋಡದೆ. "ಈಗ ಜಗಳಕ್ಕ ಬ್ಯಾರೆ ಏನರ ಹುಡಕಬೇಕು."

ಯಾಸ್ಮಿನ ಬಾಗಿಲ ಹೊರಗೆ ನಿಂತು ಮೊಬೈಲಿನಲ್ಲಿ ಮನೆಯ ಫೋಟೋ ತೆಗೆದಳು. ಏಳೂ ಕಿಟಕಿ ಒಂದೇ ಫೋಟೋದಲ್ಲಿ ಬರಲಿಲ್ಲ, ಸುತ್ತ ತಿರುಗಿ ನಾಲ್ಕು ತೆಗೆದಳು. ಅವತ್ತು ಸಂಜೆ ಬಿಸಿ ರೊಟ್ಟಿಯ ಕಟ್ಟು ಬಗಲಲ್ಲಿಟ್ಟುಕೊಂಡು ಮನೆಗೆ ಬಂದಳು.

ಆಮೇಲೆ ಹಳೆಯ ಹನ್ನೊಂದು ನಕ್ಷೆಗಳನ್ನು ಹೊಸ ಸೆಟಪ್ಪಿನಲ್ಲಿ ಮತ್ತೆ ತೆಗೆದಳು. ರವಿವಾರಗಳಲ್ಲಿ ಒಂದೊಂದೇ ಕಾಗದ ಹಿಡಿದು ಆಯಾ ಮನೆಗೆ ಹೋದಳು. ರೋಣ, ಗಜೇಂದ್ರಗಡ, ಸವಡಿ, ನರಗುಂದ. ಶ್ರೀಧರ ಕಾಗದ ನೋಡಿ, ಜರಡಿ ತೂಗುಹಾಕಿದ ಗೋಡೆ ನೋಡಿ, "ಅಲಲಾ, ಇಲ್ಲೆ ಕಿಡಕಿ ಇತ್ತೇನು?" ಅಂದ. ಒಡೆಸಿ ಹಾಕಿಸಲಿಕ್ಕೆ ತಯಾರಿರಲಿಲ್ಲ, ಚಹಾ ಕುಡಿಸಿ ಕಳಿಸಿದ.

"ಹೋಗಿ ಏನ ಮಾಡಾಕಿ ಅಲ್ಲೆ?" ಅಂತ ಹೇಮಂತ ಕೇಳಿದ.

"ಕಿಡಕಿ ಎಣಸಾಕ್ರಿ ಸರ."

ರಾಜೂರಿನ ಮನೆಯಲ್ಲಿ ಹಾಳಾದದ್ದು ಹನ್ನೆರಡು ಹಾಳೆ ಕಾಗದ, ಅರ್ಧ ಚೀಲ ಸುಣ್ಣ, ಹದಿನೆಂಟು ಫೂಟು ತಗ್ಗು. ಅದಕ್ಕೂ ಮೊದಲಿನ ಹನ್ನೊಂದು ಮನೆಗಳಿಗೆ ಅವಳು ಬರೆದದ್ದು ಅರವತ್ತೆರಡು ಕಿಟಕಿ. ಇದ್ದದ್ದು ನಲವತ್ತಮೂರು. ಹೋದದ್ದು ಹತ್ತೊಂಬತ್ತು.